ಹಳೇ ಮಾರುತಿಗೆ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಸ್ಕ್ಯಾನರ್: ಕೈಹಿಡಿದದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಟೆಸ್ಟ್ ಲ್ಯಾಂಪಿಗೆ, ಅಂದರೆ ವೈರಿನಲ್ಲಿ ಕರೆಂಟ್ ಇದೆಯೇ ಎಂದು ಉರಿದು ತೋರಿಸುವ ಬಲ್ಬಿಗೆ. ಅದೂ ಎಲ್‌ಇಡಿ ಇರುವಂಥದ್ದಕ್ಕಲ್ಲ, ಒಳಗೆ ತಂತಿ ಉರಿಯುವ ಹಳೇ ಕಾಲದ ಬಲ್ಬಿಗೆ. ಮನೆಯಲ್ಲಿ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಇದೆ, ಗಾಡಿಯ ಕಂಪ್ಯೂಟರ್ ಓದುವ ಬ್ಲೂಟೂತ್ ಸ್ಕ್ಯಾನರ್ ಇದೆ, ಪೆಟ್ರೋಲ್ ಪ್ರೆಷರ್ ಗೇಜ್ ಹಾಕಿಯೂ ನೋಡಿಸಿದ್ದಾಗಿದೆ. ನನ್ನ 2004ರ ಮಾರುತಿ 800 ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯ ರೋಗ ಹಿಡಿದುಕೊಟ್ಟದ್ದು ಮಾತ್ರ ಒಂದು ಬಲ್ಬು, ಎರಡು ವೈರು.

ರೋಗ ಹೀಗಿತ್ತು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವಷ್ಟರಲ್ಲಿ ಪಿಕಪ್ ಬೀಳುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ, ಆಮೇಲೆ ಆಫ್. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ ನೋಡಿದರೆ ಒಣಗಿತ್ತು. ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಸ್ಪಾರ್ಕ್ ಕಡೆ ನೋಡಬೇಕು. ಯಾವ ಉಪಕರಣಕ್ಕೂ ಕೈ ಹಾಕುವ ಮುನ್ನ ಇದಿಷ್ಟು ಮಾಡಿಕೊಳ್ಳಿ, ಅರ್ಧ ದಾರಿ ಅಲ್ಲೇ ಸವೆಯುತ್ತದೆ.

ಸ್ಕ್ಯಾನರ್ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಓಬಿಡಿ-2, ಅಂದರೆ ಗಾಡಿ ತನ್ನ ದೋಷವನ್ನು ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚಿನ ಎಷ್ಟೋ ಗಾಡಿಗಳು ಸಾವಿರ ರೂಪಾಯಿಯೊಳಗಿನ ಸ್ಕ್ಯಾನರ್ ಜೊತೆ ಮಾತೇ ಆಡುವುದಿಲ್ಲ. ನನ್ನದೂ ಆಡಲಿಲ್ಲ. ತಮ್ಮನ 2016ರ ವ್ಯಾಗನ್ ಆರ್‌ಗೆ ಹಾಕಿದರೆ ಇಂಜಿನ್ ಬಿಸಿ, ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಅಳತೆಯ ತಿದ್ದುಪಡಿ) ಎಲ್ಲ ಮೊಬೈಲಿನಲ್ಲಿ ಚೆಂದವಾಗಿ ಬರುತ್ತದೆ. ಅಂಥ ಗಾಡಿ ಇದ್ದವರು ಧಾರಾಳವಾಗಿ ತಗೊಳ್ಳಿ.

ಇನ್ನು ನಿಜವಾಗಿ ಸತಾಯಿಸಿದ ಭಾಗಕ್ಕೆ ಬರುತ್ತೇನೆ. ಗ್ಯಾರೇಜಿನಲ್ಲಿ ಗಾಡಿ ಬಿಸಿ ಮಾಡಿ ಪ್ರೆಷರ್ ಗೇಜ್ ಹಾಕಿದರು. ಇಂಥ ಎಂಪಿಎಫ್‌ಐ ಇಂಜಿನ್‌ಗೆ ಸುಮಾರು ಎರಡೂವರೆಯಿಂದ ಮೂರು ಕೆಜಿ ಪ್ರೆಷರ್ ಇರಬೇಕು, ಮುಳ್ಳು ಅದಕ್ಕಿಂತ ಎಷ್ಟೋ ಕೆಳಗಿತ್ತು. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪಿನ ಕಪ್ಲರ್ (ವೈರುಗಳ ಜೋಡಣೆ) ಕಳಚಿ ಮೀಟರ್ ಹಿಡಿದರು, ಪೂರ್ತಿ 12 ವೋಲ್ಟ್ ಬಂತು. ಕರೆಂಟ್ ಬರ್ತಿದೆ, ಪ್ರೆಷರ್ ಇಲ್ಲ, ಅಂದಮೇಲೆ ಪಂಪ್ ಹೋಗಿದೆ ಅಂದರು. ಹೊಸ ಪಂಪ್ ಕೂತಿತು, ಸಾವಿರಾರು ರೂಪಾಯಿ ಬಿಲ್ಲಾಯಿತು, ಮುಂದಿನ ಏರಿನಲ್ಲಿ ಗಾಡಿ ಮತ್ತೆ ನಿಂತಿತು.

ಗೇಜ್ ಸುಳ್ಳು ಹೇಳಿರಲಿಲ್ಲ, ಮೀಟರೂ ಸುಳ್ಳು ಹೇಳಿರಲಿಲ್ಲ. ಡಿಜಿಟಲ್ ಮೀಟರ್ ವೋಲ್ಟ್ ಅಳೆಯುವಾಗ ಸರ್ಕ್ಯೂಟಿನಿಂದ ಕರೆಂಟನ್ನೇ ಎಳೆಯುವುದಿಲ್ಲ ಅನ್ನಬಹುದು, ಅದರ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಹಾಗಾಗಿ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಜಾಯಿಂಟ್ ತುಕ್ಕು ಹಿಡಿದಿದ್ದರೂ 12 ವೋಲ್ಟೇ ತೋರಿಸುತ್ತದೆ. ಕಸ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಪೂರ್ತಿ ಒತ್ತಡ ಇರುತ್ತದೆ, ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಪಂಪಿಗೆ ಬೇಕಾದದ್ದು ನಾಲ್ಕೈದು ಆಂಪಿಯರ್. ಅಷ್ಟು ಎಳೆದಾಗ ಆ ಜಾಯಿಂಟಿನಲ್ಲೇ ವೋಲ್ಟ್ ಬಿದ್ದುಹೋಗುತ್ತದೆ, ಪಂಪ್ ನಿಧಾನವಾಗಿ ತಿರುಗುತ್ತದೆ, ಪ್ರೆಷರ್ ಬೀಳುತ್ತದೆ. ಪಂಪ್ ಹೊಸದೋ ಹಳೆಯದೋ, ಫಲ ಒಂದೇ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಪೆನ್ನಿನಾಕಾರದ ಟೆಸ್ಟ್ ಲ್ಯಾಂಪ್ ನನ್ನಲ್ಲಿತ್ತು. ಫ್ಯೂಸ್ ನೋಡಲು ಅದಕ್ಕಿಂತ ಬೇಗನೆ ಕೆಲಸ ಮಾಡುವ ವಸ್ತು ಬೇರಿಲ್ಲ. ಆದರೆ ಅದರ ಪುಟ್ಟ ಬಲ್ಬ್ ಎಳೆಯುವುದು ಅರ್ಧ ಆಂಪಿಯರೂ ಇಲ್ಲ, ಪಂಪಿನ ಭಾರ ಹೊರಿಸಲು ಸಾಲದು. ಅದಕ್ಕೆ ಡಿಪ್ ತಂತಿ ಸುಟ್ಟು ಬ್ರೈಟ್ ತಂತಿ ಉಳಿದಿದ್ದ ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ಉದ್ದನೆ ವೈರು ಬೆಸುಗೆ ಹಾಕಿಸಿ, ತುದಿಗೆ ಕ್ಲಿಪ್ ಸಿಕ್ಕಿಸಿಕೊಂಡೆ. 60 ವ್ಯಾಟ್ ಅಂದರೆ ಐದು ಆಂಪಿಯರ್, ಪಂಪ್ ಎಳೆಯುವಷ್ಟೇ.

ಗಾಡಿ ನಿಂತಾಗ, ಬಿಸಿ ಇರುವಾಗಲೇ ನೋಡಬೇಕು, ತಣ್ಣಗಾದರೆ ದೋಷ ಅಡಗಿಬಿಡುತ್ತದೆ. ಪಂಪಿನ ಕಪ್ಲರ್ ಕಳಚಿ, ಅದರ ಎರಡು ಟರ್ಮಿನಲ್‌ಗೆ ಬಲ್ಬ್ ಸಿಕ್ಕಿಸಿದೆ. ಮಗಳು ಕೀ ಆನ್ ಮಾಡಿದಳು. ಸೆಲ್ಫ್ ಹೊಡೆಯದಿದ್ದರೆ ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಪಂಪಿಗೆ ಕರೆಂಟ್ ಬಿಡುವುದು ಎರಡು ಮೂರು ಸೆಕೆಂಡ್ ಮಾತ್ರ. ಅಷ್ಟರಲ್ಲೇ ಕಂಡಿತು, ಬೆಳ್ಳಗೆ ಉರಿಯಬೇಕಾದ ಬಲ್ಬ್ ಹಳದಿಯಾಗಿ ಮಂಕಾಗಿತ್ತು. ಅರ್ಥ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ಮರಳುವ ದಾರಿ) ಕಡೆಯ ಕ್ಲಿಪ್ ತೆಗೆದು, ಬೇರೆ ವೈರಿನಿಂದ ನೇರ ಬ್ಯಾಟರಿ ಮೈನಸ್‌ಗೆ ಕೊಟ್ಟು ಮತ್ತೆ ಕೀ ಆನ್ ಮಾಡಿಸಿದೆ. ಕಣ್ಣು ಕುಕ್ಕುವ ಬೆಳಕು! ಪ್ಲಸ್ ಕಡೆ ರಿಲೇ, ಫ್ಯೂಸ್ ಎಲ್ಲ ಸರಿ, ಕೆಟ್ಟಿರುವುದು ಅರ್ಥ್. ಕಪ್ಪು ವೈರು ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿದರೆ ರಿಂಗಿನ ಅಡಿ ತುಕ್ಕು ಪದರ ಪದರವಾಗಿ ಎದ್ದು ಬಂತು. ಮಲೆನಾಡಿನ ಮಳೆಗೆ ಇದೇನು ಹೊಸತಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಖರ್ಚು ಶೂನ್ಯ.

ಒಂದು ಎಚ್ಚರಿಕೆ. ಇದು ಪೆಟ್ರೋಲ್ ಟ್ಯಾಂಕಿನ ಹತ್ತಿರದ ಕೆಲಸ. ಕೀ ಆಫ್ ಇರುವಾಗಲೇ ಕ್ಲಿಪ್ ಹಾಕಿ, ಆಫ್ ಮಾಡಿಯೇ ತೆಗೆಯಿರಿ, ಇಲ್ಲದಿದ್ದರೆ ಕಿಡಿ ಹಾರುತ್ತದೆ. ಹೆಡ್‌ಲೈಟ್ ಬಲ್ಬ್ ಕೈ ಸುಡುವಷ್ಟು ಕಾಯುತ್ತದೆ, ಉದ್ದ ವೈರಿನಲ್ಲಿ ಗಾಡಿಯ ಹೊರಗಿಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕೈ ಹಾಕಲೇಬೇಡಿ. ಸೆನ್ಸರ್ ವೈರುಗಳಿಗೆ, ಏರ್‌ಬ್ಯಾಗಿನ ಹಳದಿ ವೈರುಗಳಿಗೆ ಬಲ್ಬ್ ತಾಗಿಸಲೇಬಾರದು.

ಸೆನ್ಸರ್ ಕಡೆ ಮಲ್ಟಿಮೀಟರೇ ಬೇಕು, ಅದನ್ನು ನಾನು ಕಡೆಗಣಿಸುವುದಿಲ್ಲ. ಕೂಲೆಂಟ್ ಸೆನ್ಸರ್ (ಇಂಜಿನ್ ತಂಪಾಗಿಸುವ ನೀರಿನ ಬಿಸಿ ಅಳೆಯುವುದು) ಬಿಸಿಯಾದಂತೆ ಓಮ್ ಇಳಿಯುತ್ತದೆಯೇ, ರಾತ್ರಿ ನಿಂತಲ್ಲೇ ಬ್ಯಾಟರಿ ಖಾಲಿಯಾಗುತ್ತಿದೆಯೇ, ಚಾರ್ಜಿಂಗ್ 14 ವೋಲ್ಟ್ ಆಸುಪಾಸು ಇದೆಯೇ, ಇವೆಲ್ಲ ಅದರದೇ ಕೆಲಸ. ಅರ್ಥ್ ಕೂಡ ಅದರಲ್ಲೇ ಹಿಡಿಯಬಹುದು, ಕಪ್ಲರ್ ಕಳಚದೆ ಪಂಪ್ ತಿರುಗುತ್ತಿರುವಾಗಲೇ ನೋಡಬೇಕು ಅಷ್ಟೇ. ಒಂದು ಪ್ರೋಬ್ ಪಂಪಿನ ಅರ್ಥ್ ವೈರಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. ಬೋಲ್ಟ್ ಉಜ್ಜುವ ಮುನ್ನ ನನಗೆ ಹೀಗೆ ಮೂರು ವೋಲ್ಟಿಗೂ ಮೇಲೆ ಬಂತು, ಉಜ್ಜಿದ ಮೇಲೆ ಲೆಕ್ಕಕ್ಕೆ ಬಾರದಷ್ಟು. ಆದರೆ ರಸ್ತೆ ಪಕ್ಕ, ಜಡಿಮಳೆಯಲ್ಲಿ, ಕೊಡೆ ಹಿಡಿದುಕೊಂಡು ಅಂಕಿ ಓದುವುದಕ್ಕಿಂತ ಬಲ್ಬ್ ಮಂಕೋ ಬೆಳಕೋ ಎಂದು ನೋಡುವುದು ನನಗೆ ಸಲೀಸು.

ಪ್ರೆಷರ್ ಗೇಜ್ ಸ್ವಂತಕ್ಕೆ ಬೇಡ. ನೂರೈವತ್ತು ರೂಪಾಯಿಯ ಟೆಸ್ಟ್ ಲ್ಯಾಂಪ್, ಹಳೇ ಹೆಡ್‌ಲೈಟ್ ಬಲ್ಬ್, ಏಳೆಂಟುನೂರರ ಮೀಟರ್ ಇವಿಷ್ಟು ನನ್ನ ಡಿಕ್ಕಿಯಲ್ಲಿರುತ್ತವೆ. ಎಲ್‌ಇಡಿ ಟೆಸ್ಟರ್ ಮಾತ್ರ ಕೊಳ್ಳಬೇಡಿ, ಅದು ಎಳೆಯುವುದು ಕೆಲವೇ ಮಿಲಿಆಂಪಿಯರ್. ತುಕ್ಕು ಹಿಡಿದ ಜಾಯಿಂಟಿನಲ್ಲೂ ಚೆನ್ನಾಗಿಯೇ ಉರಿಯುತ್ತದೆ.