ಹಿಟಾಚಿ, ಜೆಸಿಬಿಗೆ ಹಾಕುವ ಸ್ಕ್ಯಾನರ್: ಮೂರು ವರ್ಷ ಬಳಸಿದ ಮೇಲೆ

“ಅಣ್ಣಾರ, ಗಾಡಿ ರೇಸ್ ಏರವಲ್ದು. ಡಿಸ್‌ಪ್ಲೇದಾಗ ಏನೋ ನಂಬರ್ ಬರಾಕತ್ತೈತಿ.”

ಹುಬ್ಬಳ್ಳಿ ಗೋಕುಲ ರೋಡಿನ ನನ್ನ ಅಂಗಡಿಗೆ ಬರುವ ಫೋನು ಈಗ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಮೊದಲು ಸೆಲ್ಫ್, ಡೈನಮೋ, ಹೆಡ್‌ಲೈಟ್ ಇಷ್ಟರಲ್ಲೇ ದಿನ ಹೋಗುತ್ತಿತ್ತು. 2021ರ ಏಪ್ರಿಲ್‌ನಿಂದ ಜೆಸಿಬಿ ತರದ ಚಕ್ರದ ಗಾಡಿಗಳಿಗೂ ಬಿಎಸ್-4 (ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ನಿಯಮ) ಬಂತು. ಹೊಸ ಗಾಡಿ ಬಂದಾಗೆಲ್ಲ ಬಾನೆಟ್ ಒಳಗೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಜಾಸ್ತಿಯಾದವು. 2022ರಲ್ಲಿ ಮನಸ್ಸು ಗಟ್ಟಿ ಮಾಡಿ, ಇಸಿಎಂ ಬರೆದಿಟ್ಟ ತೊಂದರೆಯ ಕೋಡ್ ಓದುವ ಒಂದು ಹೆವಿ ವೆಹಿಕಲ್ ಸ್ಕ್ಯಾನರ್ ತರಿಸಿದೆ. ಒಂದು ಸೆಕೆಂಡ್ ಹ್ಯಾಂಡ್ ಬೈಕಿನಷ್ಟು ದುಡ್ಡು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಕಂಪನಿ ಹೆಸರು ಬರೆಯುವುದಿಲ್ಲ. ಒಳ್ಳೆಯದರ ಜೊತೆ ಬೈಯುವುದೂ ಇದೆ, ಸುಮ್ನೆ ರಗಳೆ ಬೇಡ. ಜೆ1939 (ದೊಡ್ಡ ಗಾಡಿಗಳ ಕಂಪ್ಯೂಟರ್‌ಗಳು ಮಾತಾಡುವ ಭಾಷೆ) ಓದುವ ಬೇರೆ ಡಬ್ಬಿ ತಗೊಂಡರೂ ಕೋಡ್ ಓದುವ ರೀತಿ ಇದೇ.

ಕೋಡಿನಲ್ಲಿ ಎರಡು ನಂಬರ್ ಇರುತ್ತವೆ. ಮೊದಲನೆಯದು ಎಸ್‌ಪಿಎನ್, ಯಾವ ಜಾಗದ ತೊಂದರೆ ಅಂತ ಹೇಳುತ್ತದೆ. 100 ಅಂದರೆ ಇಂಜಿನ್ ಆಯಿಲ್ ಪ್ರೆಷರ್, 110 ಅಂದರೆ ಕೂಲಂಟ್ ಬಿಸಿ, 168 ಅಂದರೆ ಬ್ಯಾಟರಿ ವೋಲ್ಟೇಜ್. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನೂರು ಬಂತಾ? ಆಯಿಲ್ ಸೆನ್ಸರ್ ತಗೊಂಡು ಬಾ! ಆದರೆ ಅಸಲಿ ವಿಷಯ ಎರಡನೇ ನಂಬರಿನಲ್ಲಿದೆ, ಅದು ಎಫ್‌ಎಂಐ, ತೊಂದರೆ ಯಾವ ತರದ್ದು ಅಂತ ಹೇಳುತ್ತದೆ. 100ರ ಜೊತೆ 1 ಬಂದರೆ ಪ್ರೆಷರ್ ನಿಜವಾಗಿಯೂ ಬಿದ್ದಿದೆ ಅಂತ ಸೆನ್ಸರ್ ಹೇಳುತ್ತಿದೆ. ತಕ್ಷಣ ಇಂಜಿನ್ ಬಂದ್ ಮಾಡಿ. ಅದೇ 100ರ ಜೊತೆ 3 ಬಂದರೆ ವೋಲ್ಟೇಜ್ ಮೇಲೆ ಹೋಗಿದೆ, 4 ಬಂದರೆ ಕೆಳಗೆ ಇಳಿದಿದೆ, 5 ಬಂದರೆ ಲೈನ್ ಕಟ್. ಇವು ಮೂರೂ ಕರೆಂಟಿನ ಕೋಡು, ಆಯಿಲಿನದಲ್ಲ. ಮೊದಲು ವೈರ್ ನೋಡಬೇಕು. ನನಗೂ ಇದು ತಲೆಗೆ ಹೋಗಲು ಎರಡು ಸೆನ್ಸರ್‌ಗಳ ದುಡ್ಡು ದಂಡವಾಯಿತು.

ಕಳೆದ ವರ್ಷ ಮುಂಡರಗಿ ಕಡೆಯ ಕಲ್ಲಿನ ಕ್ವಾರಿಯೊಂದರಲ್ಲಿ ಹಿಟಾಚಿ ನಿಂತಿತ್ತು. (ನಮ್ಮ ಕಡೆ ಯಾವ ಕಂಪನಿಯದಾದರೂ ಅದು ಹಿಟಾಚಿನೇ, ಬಿಡಿ.) ಸ್ಕ್ಯಾನರ್ ಹಾಕಿದರೆ ಆಯಿಲ್ ಪ್ರೆಷರ್, ಬೂಸ್ಟ್ (ಟರ್ಬೊ ಗಾಳಿಯ ಒತ್ತಡ), ಫ್ಯುಯಲ್ ಪ್ರೆಷರ್ ಮೂರಕ್ಕೂ ಎಫ್‌ಎಂಐ 4. ಜೊತೆಗೆ 3509, ಅಂದರೆ ಸೆನ್ಸರ್‌ಗಳಿಗೆ ಹೋಗುವ ಸಪ್ಲೈ ವೋಲ್ಟೇಜ್, ಅದಕ್ಕೂ 4. ನನಗಿಂತ ಮೊದಲು ಬಂದವರು ಇಸಿಎಂ ಹೋಗಿದೆ ಅಂತ ಹೇಳಿ ಓನರ್ ಎದೆ ಒಡೆದಿದ್ದರು. ಮೂರು ಸೆನ್ಸರ್ ಒಂದೇ ರಾತ್ರಿ ಮಾತಾಡಿಕೊಂಡು ಸಾಯುತ್ತವಾ?

ಮೂರಕ್ಕೂ 5 ವೋಲ್ಟ್ ಹೋಗುವುದು ಒಂದೇ ಲೈನಿನಿಂದ. ಮೀಟರ್ ಹಚ್ಚಿದೆ, 0.3 ತೋರಿಸಿತು. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋದೆ. ಕೆಟ್ಟ ಸೆನ್ಸರ್ ಲೈನನ್ನು ಎಳೆದು ಹಿಡಿದಿದ್ದರೆ, ಅದನ್ನು ಬಿಚ್ಚಿದ ಕೂಡಲೇ ವೋಲ್ಟೇಜ್ ವಾಪಸ್ ಬರಬೇಕು. ಮೂರೂ ಬಿಚ್ಚಿದರೂ 0.3. ಹಾಗಾದರೆ ಸೆನ್ಸರ್‌ಗಳ ತಪ್ಪಿಲ್ಲ. ಆಪರೇಟರ್‌ಗೆ ಮೀಟರ್ ಹಿಡಿಯಲು ಕೊಟ್ಟು, ನಾನು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಬಂದೆ. ಫಿಲ್ಟರ್ ಬ್ರಾಕೆಟ್ ಹತ್ತಿರ ಬಂದಾಗ ಆತ ಕೂಗಿದ: “ಐದ್ ಬಂತ್ರಿ! ಹೋತ್ರಿ. ಮತ್ತ ಬಂತ್ರಿ!” ಕ್ಲಿಪ್ ಮುರಿದು, ವೈರಿಂಗ್ ಪೈಪಿನೊಳಗೆ ಕ್ವಾರಿ ಧೂಳು ತುಂಬಿ, ಒಂದು ವೈರಿನ ಮೇಲ್ಪದರ ಉಜ್ಜಿ ಹೋಗಿತ್ತು. ತಾಮ್ರದ ಎರಡು ಎಳೆ ಬ್ರಾಕೆಟ್‌ಗೆ ತಾಗಿ ಹೊಳೆಯುತ್ತಿದ್ದವು. ಬೆಸೆದು, ಸ್ಲೀವ್ ಹಾಕಿ, ಹೊಸ ಕ್ಲಿಪ್ ಕಟ್ಟಿದೆ. ಸಾಮಾನಿನ ಖರ್ಚು ಚಹಾ ಬಿಲ್ಲಿಗಿಂತ ಕಡಿಮೆ. ನನ್ನ ಮಜೂರಿ ಮಾತ್ರ ಪೂರಾ ತಗೊಂಡೆ.

ಸ್ಕ್ಯಾನರ್ ಸೋತ ಕಡೆಯೂ ಇದೆ. ಹಾವೇರಿ ಹತ್ತಿರ ಮಳೆಗಾಲದಲ್ಲಿ ಒಂದು ಜೆಸಿಬಿ ತಿಂಗಳುಗಟ್ಟಲೆ ಗೋವಿನಜೋಳದ ಚೀಲಗಳ ಪಕ್ಕ ನಿಂತಿತ್ತು. ಸ್ಕ್ಯಾನರ್ ಹಾಕಿದರೆ ಕನೆಕ್ಟೇ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಕೈಹಿಡಿಯುವುದು ಸಾದಾ ಮೀಟರೇ. ಬ್ಯಾಟರಿ ಬಿಚ್ಚಿ, ಡಯಾಗ್ನಸ್ಟಿಕ್ ಕಪ್ಲರಿನ ಕ್ಯಾನ್ ಹೈ, ಕ್ಯಾನ್ ಲೋ (ಇಸಿಎಂ ಜೊತೆ ಮಾತು ಸಾಗಿಸುವ ಎರಡು ವೈರ್) ನಡುವೆ ಓಮ್ಸ್ ನೋಡಿ. ಲೈನಿನ ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ ಸೇರಿ 60 ಬರಬೇಕು. ನನಗೆ 120 ಬಂತು. ಅಂದರೆ ಒಂದು ತುದಿಗೆ ಲೈನ್ ಮುಟ್ಟುತ್ತಿಲ್ಲ. ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ಇಲಿ ಗೂಡು, ಕ್ಯಾನ್ ಹೈನ ಹಳದಿ ವೈರ್ ತುಂಡು ತುಂಡು. ಗೂಡಿಗೆ ಹಾಸಿಗೆಯಾಗಿ ಅದೇ ವೈರಿನ ಚೂರು!

ಈಗ ದೂರುಗಳು. ದೊಡ್ಡದು ಕೇಬಲ್ಲು. ಒಂಬತ್ತು ಪಿನ್ನಿನ ದುಂಡನೆಯ ಕಪ್ಲರ್ ಜೊತೆಗೆ ಬಂತು, ಸರಿ. ಆದರೆ ಎಲ್ಲ ಗಾಡಿಗೂ ಅದು ಕೂರುವುದಿಲ್ಲ. ಬೇರೆ ಕಪ್ಲರ್ ಬೇಕಾದರೆ ಬೇರೆ ದುಡ್ಡು. ಇದ್ದ ಕೇಬಲ್ ಹದಿನೈದು ತಿಂಗಳಿಗೆ ಕುತ್ತಿಗೆಯಲ್ಲಿ ಮುರಿಯಿತು. ವಾರಂಟಿ ಕೇಳಿದರೆ ಕೇಬಲ್‌ಗೆ ಆರೇ ತಿಂಗಳು ಅಂದರು. ಕೊನೆಗೆ ನಾನೇ ಕಟ್ಟಿಕೊಂಡೆ: ಪಿನ್ ಎ ನೆಗೆಟಿವ್, ಬಿ ಪಾಸಿಟಿವ್, ಸಿ ಕ್ಯಾನ್ ಹೈ, ಡಿ ಕ್ಯಾನ್ ಲೋ. ಎರಡು ವರ್ಷದಿಂದ ಅದೇ ನಡೆಯುತ್ತಿದೆ.

ಏಪ್ರಿಲ್ ಬಿಸಿಲಿನಲ್ಲಿ ಸ್ಕ್ರೀನ್ ಏನೇನೂ ಕಾಣುವುದಿಲ್ಲ. ತಲೆ ಮೇಲೆ ಟವೆಲ್ ಹೊದ್ದುಕೊಂಡು ನೋಡಬೇಕು, ಹಳೇ ಕಾಲದ ಫೋಟೊ ಸ್ಟುಡಿಯೋದವರ ಹಾಗೆ. ಅಪ್‌ಡೇಟ್‌ಗೆ ವರ್ಷಾ ವರ್ಷಾ ದುಡ್ಡು ಕೇಳುತ್ತಾರೆ. ನಾನು ಒಂದೇ ಸಲ ಕಟ್ಟಿದ್ದು, ಹೇಳುವಂಥ ಫರಕು ಕಾಣಲಿಲ್ಲ. 520192ರಿಂದ ಮುಂದಿನ ಎಸ್‌ಪಿಎನ್‌ಗಳು ಆಯಾ ಕಂಪನಿಯ ಸ್ವಂತದ್ದು. ಅವಕ್ಕೆ ಬರೀ ನಂಬರ್ ತೋರಿಸಿ ಸುಮ್ಮನಾಗುತ್ತದೆ. ಹೈಡ್ರಾಲಿಕ್ ಕಂಟ್ರೋಲರ್ ಒಳಗೆ ನನ್ನ ಡಬ್ಬಿ ಹೋಗುವುದಿಲ್ಲ. ಇಂಜೆಕ್ಟರ್ ಬದಲಿಸಿದರೆ ಹೊಸದರ ಕೋಡನ್ನು ಇಸಿಎಂಗೆ ಹಾಕಲೂ ಬರುವುದಿಲ್ಲ. ಅದಕ್ಕೆ ಕಂಪನಿಯವರ ಲ್ಯಾಪ್‌ಟಾಪೇ ಬೇಕು. ನಾನು ಮುಚ್ಚುಮರೆ ಇಲ್ಲದೆ ಓನರ್‌ಗೆ ಹಾಗೇ ಹೇಳಿಬಿಡುತ್ತೇನೆ.

ಇನ್ನೊಂದು ಅಪಾಯ, ಕೋಡ್ ಅಳಿಸುವ ಬಟನ್. ಆಪರೇಟರ್‌ಗಳಿಗೆ ಅದರ ಮೇಲೆ ಬಹಳ ಪ್ರೀತಿ. ಅಳಿಸಿದರೆ ಲೈಟ್ ಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಮೊದಲು ಎಲ್ಲ ಕೋಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಟರ್ಮಿನಲ್ ಸಡಿಲ ಇದ್ದರೂ ಸಂಬಂಧವೇ ಇಲ್ಲದ ನಾಲ್ಕೈದು ಕೋಡು ಬಂದು ಕೂರುತ್ತವೆ. ಅದಕ್ಕೇ ನಾನು ಸ್ಕ್ಯಾನರ್ ತೆಗೆಯುವ ಮೊದಲೇ ಟರ್ಮಿನಲ್ ಹಿಡಿದು ಅಲುಗಾಡಿಸಿ, ಬಾಡಿ ಅರ್ತ್ ಬೋಲ್ಟ್ ಮುಟ್ಟಿ ನೋಡುತ್ತೇನೆ. ಬಲ್ಬ್ ಟೆಸ್ಟರನ್ನು ಮಾತ್ರ ಇಸಿಎಂ ವೈರಿಗೆ ಚುಚ್ಚಬೇಡಿ. ಬಕೆಟ್‌ಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಇಸಿಎಂ ಕಪ್ಲರನ್ನೂ ಬಿಚ್ಚಿಡಿ. ವಾಟರ್ ಸರ್ವೀಸ್‌ನವರಿಗೂ ಕಪ್ಲರ್‌ಗಳ ಮೇಲೆ ಪೈಪ್ ಬಿಡಬೇಡಿ ಅಂತ ಹೇಳಿ. ಎರೆ ಮಣ್ಣು ಹೋಗಲಿ ಅಂತ ಅವರು ಹೊಡೆಯುವ ನೀರೇ ವಾರದ ಮೇಲೆ ನನಗೆ ಗಿರಾಕಿ ಕಳಿಸುತ್ತದೆ.

ಹಳೇ ಡೀಸೆಲ್ ಪಂಪಿನ ಗಾಡಿಗಳೇ ಜಾಸ್ತಿ ಬರುವ ಅಂಗಡಿಯಾದರೆ ಇದು ಬೇಡ. ಅವುಗಳಲ್ಲಿ ಇಸಿಎಂ ಇಲ್ಲ, ಓದಲು ಏನೂ ಇಲ್ಲ. ಒಂದು ಒಳ್ಳೆ ಮೀಟರ್ ಸಾಕು. ಹೊಸ ಗಾಡಿ ಬರುತ್ತಿದ್ದರೆ ತಗೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಸ್ಕ್ರೀನಿಗೆ, ಒಂದು ಪೂರ್ತಿ ಆ ಕೇಬಲ್‌ಗೆ.