ಐದು ವರ್ಷ, ಒಂದೂ ತೂತಿಲ್ಲ: ಕಾರಿನ ಬಿಡಿಭಾಗಗಳನ್ನು ಟೇಪಿನಲ್ಲೇ ಅಂಟಿಸಿದ ಅನುಭವ

ಹಿಂದಿನ ಕಾರಿನ ಡಿಕ್ಕಿ ಬಾಗಿಲಿಗೆ ಸ್ಪಾಯ್ಲರ್ (ರೆಕ್ಕೆಯಂಥ ಪಟ್ಟಿ) ಕೂರಿಸಲು ನಾಲ್ಕು ತೂತು ಕೊರೆಸಿದ್ದೆ. ಮೂರನೇ ವರ್ಷಕ್ಕೆ ಬೋಲ್ಟಿನ ಸುತ್ತ ಬಣ್ಣ ಉಬ್ಬಿತು. ಉಗುರಿನಿಂದ ಕೆರೆದರೆ ತುಕ್ಕಿನ ಪುಡಿ ಉದುರುತ್ತಿತ್ತು. ಜೋರು ಮಳೆಯ ಮರುದಿನ ಡಿಕ್ಕಿಯೊಳಗಿನ ಹಾಸು ಒದ್ದೆ. ತಗಡನ್ನು ಕೊರೆದಾಗ ಸತುವಿನ ಲೇಪ, ಪ್ರೈಮರ್, ಬಣ್ಣ ಎಲ್ಲವೂ ಆ ಅಂಚಿನಲ್ಲಿ ಕಡಿದುಹೋಗಿ ಬರಿಯ ಉಕ್ಕು ನೀರಿಗೆ ಸಿಗುತ್ತದೆ. ರಬ್ಬರ್ ವಾಷರ್ ಹಾಕಿ ಎಷ್ಟು ಬಿಗಿದರೂ ಆ ಅಂಚು ಮೊದಲಿನಂತಾಗುವುದಿಲ್ಲ. ಅದನ್ನು ನೋಡಿ ಸಂಕಟಪಟ್ಟವನು ಈಗಿನ ಕಾರಿಗೆ ಡ್ರಿಲ್ ಮುಟ್ಟಿಸಬಾರದೆಂದು ನಿರ್ಧರಿಸಿದೆ. ನಾಲ್ಕು ಬಾಗಿಲಿನ ಕಿಟಕಿಗಳ ಮೇಲೆ ಮಳೆ ತಡೆಯುವ ವೈಸರ್, ಬಾಗಿಲುಗಳ ಪಕ್ಕಕ್ಕೆ ಬೀಡಿಂಗ್ ಎಂಬ ಉದ್ದ ಪಟ್ಟಿ, ಹಿಂದೆ ಒಂದು ಸಣ್ಣ ಲಿಪ್ ಸ್ಪಾಯ್ಲರ್, ಬಂಪರ್ ಮೂಲೆಗಳಿಗೆ ಗಾರ್ಡ್. ಎಲ್ಲವೂ ಎರಡೂ ಬದಿ ಅಂಟಿರುವ ಟೇಪಿನಲ್ಲೇ ನಿಂತಿವೆ. ಆದರೆ ಎಲ್ಲವೂ ಮೊದಲ ಸಲಕ್ಕೇ ನಿಲ್ಲಲಿಲ್ಲ.

ಮೊದಲು ಬಿದ್ದದ್ದು ವೈಸರ್. ಅದರ ಜೊತೆಗೇ ಬಂದಿದ್ದ ಡಬಲ್ ಟೇಪಿನಲ್ಲಿ ಸಂಜೆ ಅಂಟಿಸಿ, ಮರುದಿನ ಬೆಳಿಗ್ಗೆಯೇ ಹೆದ್ದಾರಿಗೆ ಹೋದೆ. ಹಿಂದಿನ ತುದಿ ಗಾಳಿಗೆ ಎದ್ದು ಪಟಪಟ ಬಡಿಯತೊಡಗಿತು. ಕಿತ್ತು ನೋಡಿದರೆ ಅಂಟೆಲ್ಲ ವೈಸರಿನಲ್ಲೇ ಇದೆ, ಬಾಗಿಲಿನ ಕಡೆ ಒಂದಿಷ್ಟೂ ಹಿಡಿದಿಲ್ಲ. ಹಿಂದಿನ ವಾರವಷ್ಟೇ ಕಾರಿಗೆ ವ್ಯಾಕ್ಸ್ ಹಚ್ಚಿದ್ದೆ. ಟೇಪು ಹಿಡಿದದ್ದು ಬಣ್ಣವನ್ನಲ್ಲ, ವ್ಯಾಕ್ಸನ್ನು. ಇನ್ನೊಂದು ಬಾಗಿಲಿನಲ್ಲಿ ಬೇರೆಯದೇ ಕಥೆ: ಅಲ್ಲಿ ಅಂಟು ಎರಡೂ ಕಡೆ ಹಿಡಿದಿತ್ತು, ನಡುವಿನ ಸ್ಪಂಜೇ ಹರಿದಿತ್ತು.

ಆಮೇಲೆ ತ್ರೀಎಂ ಕಂಪನಿಯ ವಿಎಚ್‌ಬಿ (ವೆರಿ ಹೈ ಬಾಂಡ್, ಅಂದರೆ ಬಹಳ ಗಟ್ಟಿಯಾಗಿ ಹಿಡಿಯುವ) ಟೇಪಿಗೆ ಬದಲಾದೆ. 1980ರಲ್ಲಿ ಮಾರುಕಟ್ಟೆಗೆ ಬಂದ ಈ ಟೇಪಿನ ಅಂಟಿನಂತೆ ನಡುವಿನ ಪದರವೂ ಅಕ್ರಿಲಿಕ್ಕೇ. ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ, ನಿಧಾನವಾಗಿ ಒತ್ತಿದರೆ ಮೇಲ್ಮೈಯ ಸಣ್ಣ ಏರುತಗ್ಗಿಗೆ ಹರಡಿ ಕೂರುತ್ತದೆ. ಈ ಹಿಗ್ಗುವ ಗುಣದ ಬೆಲೆ ತಿಳಿದದ್ದು ಬೀಡಿಂಗ್ ಅಂಟಿಸಿದಾಗ. ಒಂದು ಮೀಟರ್ ಉದ್ದದ ಎಬಿಎಸ್ ಪ್ಲಾಸ್ಟಿಕ್ ಪಟ್ಟಿ ಇದ್ದದ್ದಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಅದರಡಿಯ ಉಕ್ಕಿನ ತಗಡು ಅರ್ಧ ಮಿಲಿಮೀಟರ್ ಕೂಡ ಮುಟ್ಟುವುದಿಲ್ಲ. ಬಿಸಿಲು ಬಂದಾಗಲೆಲ್ಲ ಈ ಎಳೆದಾಟ ನಡೆಯುತ್ತಲೇ ಇರುತ್ತದೆ. ಗಡುಸಾಗಿ ಒಣಗುವ ಅಂಟಾದರೆ ಬಿರುಕು ಬಿಡುತ್ತದೆ. 1.1 ಮಿಲಿಮೀಟರ್ ದಪ್ಪದ ಟೇಪು ಪಕ್ಕಕ್ಕೆ ವಾಲಿ, ತಣ್ಣಗಾದಾಗ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ದಪ್ಪ ಟೇಪು ಕಣ್ಣಿಗೆ ಕಾಣುತ್ತದೆಂದು ತೆಳುವಾದದ್ದನ್ನು ಹುಡುಕಬೇಡಿ.

ಎರಡನೇ ಸಲ ಕೆಲಸದ ಮುಕ್ಕಾಲು ಪಾಲು ಹೊತ್ತು ಹೋದದ್ದು ಒರೆಸುವುದರಲ್ಲಿ. ಸೋಪಿನ ನೀರಿನಲ್ಲಿ ತೊಳೆದೆ, ವ್ಯಾಕ್ಸ್ ತೆಗೆದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಶುದ್ಧ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದೆ. ವೈಸರಿನ ಒಳಬದಿಗೂ ಇದೇ ಉಪಚಾರ. ಆಮೇಲೆ ಆ ಜಾಗಕ್ಕೆ ಬೆರಳು ತಾಗಿಸಲಿಲ್ಲ. ಕೈಯ ಜಿಡ್ಡೂ ಸಾಕು ಕೆಡಿಸಲು. ಮಾಸ್ಕಿಂಗ್ ಟೇಪಿನಿಂದ ಗುರುತು ಮಾಡಿಕೊಂಡೆ, ಏಕೆಂದರೆ ಒಮ್ಮೆ ಹಿಡಿದ ಮೇಲೆ ಸರಿಸಲು ಅವಕಾಶವಿಲ್ಲ. ಇದು ಒತ್ತಡಕ್ಕೆ ಹಿಡಿಯುವ ಅಂಟು, ಆದ್ದರಿಂದ ಉದ್ದಕ್ಕೂ ಬಲವಾಗಿ ಒತ್ತಬೇಕು. ಸಾಮಾನ್ಯ ಉಷ್ಣತೆಯಲ್ಲಿ 20 ನಿಮಿಷಕ್ಕೆ ಅರ್ಧ ಶಕ್ತಿ, 24 ಗಂಟೆಗೆ ಶೇ. 90, ಪೂರ್ಣ ಶಕ್ತಿಗೆ 72 ಗಂಟೆ. ಮೂರು ದಿನ ಕಾರನ್ನು ತೊಳೆಯಲಿಲ್ಲ, ವೇಗವಾಗಿ ಓಡಿಸಲೂ ಇಲ್ಲ. ಆ ವೈಸರುಗಳು ಇಂದಿಗೂ ಅಲುಗಿಲ್ಲ.

ಬಂಪರ್ ಗಾರ್ಡ್ ಮಾತ್ರ ಅಷ್ಟೆಲ್ಲ ಮಾಡಿದರೂ ಎರಡು ಸಲ ಕಿತ್ತುಬಂತು. ನನ್ನ ಬಂಪರಿನ ಕೆಳಭಾಗ ಬಣ್ಣ ಹೊಡೆಯದ ಕಪ್ಪು ಪ್ಲಾಸ್ಟಿಕ್, ಪಾಲಿಪ್ರೊಪಿಲೀನ್ ಜಾತಿಯದು. ಅದರ ಮೇಲೆ ನೀರು ಹರಡದೆ ಹನಿಹನಿಯಾಗಿ ನಿಲ್ಲುತ್ತದೆ. ಅಂಟಿನ ಪಾಡೂ ಅದೇ. ಇಂಥ ಪ್ಲಾಸ್ಟಿಕ್ಕಿಗೆ ಮೊದಲು ಅಂಟು ಹಿಡಿಸುವ ಪ್ರೈಮರ್ ಸವರಲೇಬೇಕು. ನಾನು ಬಳಸಿದ್ದು ಅದೇ ಕಂಪನಿಯ ಪ್ರೈಮರ್ 94. ತೆಳುವಾಗಿ ಸವರಿ, ಒಣಗಿದ ಮೇಲೆ ಅಂಟಿಸಿದ ಗಾರ್ಡುಗಳಿಗೆ ಈಗ ಎರಡೂವರೆ ವರ್ಷ. ಬಣ್ಣ ಹೊಡೆದ ಬಂಪರಿನಲ್ಲಿ ಇಷ್ಟು ತೊಂದರೆಯಿಲ್ಲ, ಅಲ್ಲಿ ಟೇಪು ಹಿಡಿಯುವುದು ಬಣ್ಣವನ್ನು.

ಟೇಪಿನ ದೌರ್ಬಲ್ಯ ಅಂಚಿನಲ್ಲಿದೆ. ಅಗಲಕ್ಕೆಲ್ಲ ಹಂಚಿಹೋಗುವ ಎಳೆತವನ್ನು ಅದು ಸುಲಭವಾಗಿ ತಡೆಯುತ್ತದೆ, ಒಂದು ತುದಿಯಿಂದ ಸುಲಿಯುವ ಬಲಕ್ಕೆ ಮಾತ್ರ ಸೋಲುತ್ತದೆ. ತೊಳೆಯುವವರು ಪ್ರೆಶರ್ ವಾಷರನ್ನು ನೇರ ಅಂಚಿಗೇ ಹಿಡಿದು ನನ್ನ ಬೀಡಿಂಗಿನ ಒಂದು ತುದಿಯನ್ನು ಎಬ್ಬಿಸಿದ್ದರು. ಅಂದಿನಿಂದ ದೂರದಿಂದ ಹಿಡಿಯಿರಿ ಎಂದು ನಿಂತು ಹೇಳುತ್ತೇನೆ.

ಎಲ್ಲದಕ್ಕೂ ಟೇಪು ಸಾಕೆಂದು ನಾನು ಹೇಳಲಾರೆ. ಸಾಮಾನು ಹೊರುವ ರೂಫ್ ಕ್ಯಾರಿಯರ್, ಕಾಲಿಟ್ಟು ಹತ್ತುವ ಫುಟ್‌ಬೋರ್ಡ್ ಇವುಗಳಿಗೆ ಬೋಲ್ಟೇ ಬೇಕು, ಅದರಲ್ಲಿ ರಾಜಿ ಬೇಡ. ಓಡುವ ಕಾರಿನಿಂದ ಕಳಚಿದ ವಸ್ತು ಹಿಂದೆ ಬರುವವರ ಜೀವಕ್ಕೆ ಅಪಾಯ. ಮಡ್ ಫ್ಲ್ಯಾಪನ್ನೂ ನಾನು ಅಂಟಿಸಲಿಲ್ಲ. ಕಂಪನಿಯೇ ಕೊಟ್ಟಿದ್ದ ತೂತುಗಳಿಗೆ ಸ್ಕ್ರೂ ಹಾಕಿದೆ. ಟೇಪಿನಲ್ಲೇ ನಿಲ್ಲಿಸುವ ವಸ್ತು ಸದಾ ತೂಗುವ ಭಾರವಾದರೆ ಕಿಲೋಗೆ ಸುಮಾರು 55 ಚದರ ಸೆಂಟಿಮೀಟರ್ ಟೇಪು ಬೇಕೆಂಬುದು ರೂಢಿಯ ಲೆಕ್ಕ.

ತೆಗೆಯುವ ಸಂದರ್ಭವೂ ಈ ವರ್ಷ ಬಂತು. ಒಂದು ಬಾಗಿಲು ತಗ್ಗಾಗಿ, ರಿಪೇರಿಗೆಂದು ಬೀಡಿಂಗ್ ಬಿಡಿಸಬೇಕಾಯಿತು. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮೀನಿನ ಗಾಳದ ದಾರವನ್ನು ಹಿಂದಿನಿಂದ ತೂರಿಸಿ ಗರಗಸದಂತೆ ಎಳೆದೆ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆಯಲು ಒಂದು ಮಧ್ಯಾಹ್ನವೇ ಹಿಡಿಯಿತು. ಅಡಿಯ ಬಣ್ಣಕ್ಕೆ ಒಂದು ಗೀರೂ ಇರಲಿಲ್ಲ. ಸುತ್ತಲಿನದು ಬಿಸಿಲಿಗೆ ಮಾಸಿ, ಅಲ್ಲಿ ಮಾತ್ರ ಹೊಸ ಕಾರಿನ ಕೆಂಪು ಹಾಗೇ ಉಳಿದಿತ್ತು. ಈಗ ಆ ಬಾಗಿಲಿಗೆ ಹೊಸ ಬಣ್ಣ ಬಿದ್ದಿದೆ. ಪೂರ್ತಿ ಗಟ್ಟಿಯಾಗದ ಬಣ್ಣಕ್ಕೆ ಟೇಪು ಹಾಕಿದರೆ ಬಣ್ಣವೇ ಎದ್ದುಬರಬಹುದು. ಹಾಗಾಗಿ ಕೆಲವು ವಾರ ಆ ಬಾಗಿಲು ಬೀಡಿಂಗ್ ಇಲ್ಲದೆಯೇ ಓಡಾಡಲಿದೆ.