‘ಶಕ್ತಿ’ ಓದಿಸಲು ನಾಲ್ಕು ದಾರಿ: ಕಾಪಿ, ಹೊಯಿಗೆ, ಚೀಟಿ, ಫೋನ್

ಮೂರನೇ ತರಗತಿಯ ಮಗು ‘ಶಕ್ತಿ’ಯನ್ನು ‘ಶಕಿತ’ ಎಂದು ಓದಿದರೆ ಅದು ಉದಾಸೀನವಲ್ಲ. ಕಣ್ಣಿಗೆ ಕಂಡ ಕ್ರಮದಲ್ಲೇ ಅದು ಓದಿದೆ. ಬರಹದಲ್ಲಿ ‘ಇ’ಕಾರದ ಗುಡಿಸು ‘ಕ’ದ ತಲೆಯ ಮೇಲಿದೆ, ಆದರೆ ‘ಇ’ ಕೇಳಿಸುವುದು ಕೆಳಗಿನ ‘ತ’ ಆದ ಮೇಲೆ. ಹೆಚ್ಚಿನ ಮಕ್ಕಳಿಗೆ ಈ ತಿರುವು ಓದುತ್ತಾ ಓದುತ್ತಾ ರೂಢಿಯಾಗುತ್ತದೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಇರುವ ಮಗುವಿಗೆ ಪ್ರತಿ ಸಲವೂ ಅದು ಹೊಸ ಲೆಕ್ಕ. ಇಂಗ್ಲಿಷಿನ ಬಿ ಮತ್ತು ಡಿ ಅದಲುಬದಲಾಗುವುದನ್ನೇ ಹುಡುಕುತ್ತಾ ಕುಳಿತರೆ ಕನ್ನಡ ಓದಿನ ತೊಂದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಅದು ಕಾಣಿಸುವುದು ಒತ್ತು ಬಿಟ್ಟುಹೋಗುವುದರಲ್ಲಿ, ಹ್ರಸ್ವ ದೀರ್ಘ ತಪ್ಪುವುದರಲ್ಲಿ, ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುವುದರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಸರಿಯಾಗಿ ಓದಿದರೂ ವಿಪರೀತ ನಿಧಾನವಾಗುವುದರಲ್ಲಿ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ, ಮರಾಠಿ ಮನೆಮಾತಿನ ಮಕ್ಕಳಿರುತ್ತಾರೆ. ‘ಭತ್ತ’ವನ್ನು ‘ಬತ್ತ’ ಎಂದು ಬರೆದದ್ದಕ್ಕೆ ಯಾವ ಮಗುವಿಗೂ ಡಿಸ್ಲೆಕ್ಸಿಯಾ ಎಂದು ಹೆಸರಿಡಬಾರದು. ತುಳು ಆಡುಮಾತಿನಲ್ಲಿ ಮಹಾಪ್ರಾಣದ ಬಳಕೆಯೇ ಇಲ್ಲದಂತೆ. ಮೊದಲು ಮನೆಮಾತಿನಲ್ಲಿ, ಪುಸ್ತಕವಿಲ್ಲದೆ, ಬಾಯಲ್ಲೇ ಕೇಳಿ ನೋಡಬೇಕು: ‘ಬಂಗುಡೆ’ಯಲ್ಲಿ ‘ಬಂ’ ತೆಗೆದರೆ ಏನು ಉಳಿಯುತ್ತದೆ? ಮಲಯಾಳ ಮನೆಯ ಮಗುವಿಗೆ ‘ಕುರುಮುಳಕ್’ನಿಂದ ‘ಕು’ ತೆಗೆಯಲು ಹೇಳಿ. ಆಮೇಲೆ ಒಂದು ಸಣ್ಣ ಕತೆ ಓದಿ ಹೇಳಿ ಪ್ರಶ್ನೆ ಕೇಳಿ. ಕೇಳಿದ ಕತೆ ಚೆನ್ನಾಗಿ ಅರ್ಥವಾಗಿ, ಸದ್ದು ಬಿಡಿಸುವಲ್ಲಿ ಮಾತ್ರ ಮಗು ಮತ್ತೆ ಮತ್ತೆ ತಡವರಿಸಿದರೆ ಮುಂದಿನ ತಪಾಸಣೆ ಬೇಕು. ಕನ್ನಡದ ಕತೆ ಅರ್ಥವಾಗದೆ ಮನೆಮಾತಿನ ಕತೆ ಅರ್ಥವಾದರೆ ಅದು ಭಾಷೆಯ ಪರಿಚಯದ ಕೊರತೆ, ಅದರ ಮದ್ದು ಬೇರೆ. ತಪಾಸಣೆಗೆ ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ, 1–2ನೇ ತರಗತಿಗೆ ಒಂದು, 3–5ಕ್ಕೆ ಇನ್ನೊಂದು.

ಇನ್ನು ಹೋಲಿಕೆ. ನಾಲ್ಕೂ ದಾರಿಗಳನ್ನು ಒತ್ತಕ್ಷರದ ಒಂದೇ ಪದಪಟ್ಟಿಯ ಮೇಲೆ, ದಿನಕ್ಕೆ 15 ನಿಮಿಷದಂತೆ ಬಳಸಿ ನೋಡಿದ ಮೇಲೆ ಬರೆದದ್ದು ಇದು.

ಕಾಪಿ ಬರೆಸುವುದು ಎಲ್ಲರಿಗೂ ಗೊತ್ತಿರುವ ದಾರಿ, ಖರ್ಚಿಲ್ಲ, ಅತ್ಯಂತ ದುರ್ಬಲವೂ ಅದೇ. ‘ಶಕ್ತಿ’ ಹತ್ತು ಸಲ ಬರೆ ಎಂದರೆ ಮಗು ಏನು ಮಾಡುತ್ತದೆ ಎಂದು ಪಕ್ಕದಲ್ಲಿ ಕುಳಿತು ನೋಡಿ. ಮೊದಲು ‘ಶ’ವನ್ನು ಮೇಲಿಂದ ಕೆಳಗೆ ಹತ್ತು ಸಲ ಬರೆದು ಮುಗಿಸುತ್ತದೆ. ಆಮೇಲೆ ‘ಕಿ’ಯ ಸಾಲು, ಕೊನೆಗೆ ಒತ್ತುಗಳ ಸಾಲು. ಪದ ಒಂದು ಸಲವೂ ಬಾಯಿಗೆ ಬಂದಿರುವುದಿಲ್ಲ. ನಾಲ್ಕನೆಯದರಲ್ಲಿ ಒತ್ತು ತಪ್ಪಿದರೆ ಉಳಿದ ಆರರಲ್ಲೂ ತಪ್ಪೇ ಗಟ್ಟಿಯಾಗುತ್ತದೆ. ಬರೆಸಲೇಬೇಕಿದ್ದರೆ ಮೂರು ಸಲ ಸಾಕು: ಪದ ಮುಚ್ಚಿಟ್ಟು, ಸದ್ದು ಹೇಳುತ್ತಾ ಬರೆದು, ತೆರೆದು ತಾಳೆ ನೋಡಿ, ಮತ್ತೆ ಮುಚ್ಚಿ. ಶಿಕ್ಷೆಯಾಗಿ ಬರೆಸುವುದನ್ನು ಮಾತ್ರ ಪೂರ್ತಿ ನಿಲ್ಲಿಸಬೇಕು.

ಹೊಯಿಗೆಯ (ಮರಳಿನ) ಹರಿವಾಣ ನಮ್ಮ ಊರಿಗೆ ಹೊಸದಲ್ಲ. ವಿಜಯದಶಮಿಯಂದು ಅಕ್ಕಿಯಲ್ಲಿ ಬೆರಳು ಹಿಡಿಸಿ ಬರೆಸುವುದರ ಮುಂದುವರಿಕೆ ಅಷ್ಟೆ. ಅಂಚಿರುವ ಹರಿವಾಣಕ್ಕೆ ಜರಡಿ ಹಿಡಿದ ಹೊಯಿಗೆಯನ್ನು ಅರ್ಧ ಸೆಂ.ಮೀ. ದಪ್ಪಕ್ಕೆ ಹರಡಿ. ಹೆಚ್ಚಾದರೆ ಗೆರೆ ಕುಸಿದು ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಉಗುರು ತಳಕ್ಕೆ ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯಿಗೆ ತೇವ ಹಿಡಿದು ಅಂಟುತ್ತದೆ, ಉಪ್ಪಂತೂ ಬೇಡವೇ ಬೇಡ. ಹುರಿದ ಬಾಂಬೆ ರವೆ ಒಳ್ಳೆಯದು, ವಾರಕ್ಕೊಮ್ಮೆ ಬದಲಿಸಿ. ಬಿಡಿ ಅಕ್ಷರದ ಆಕಾರ ಕಲಿಸಲು, ಮುಖ್ಯವಾಗಿ ‘ಪ, ಷ, ಫ, ಘ’ ಗೊಂದಲಕ್ಕೆ, ಇದಕ್ಕೆ ಸಮನಾದದ್ದಿಲ್ಲ. ಆದರೆ ಒತ್ತಕ್ಷರಕ್ಕೆ ಬಂದಾಗ ಸೋಲುತ್ತದೆ. ಹರಿವಾಣದಲ್ಲಿ ಮೇಲೆ ಬರೆದು ಕೆಳಗೆ ಒತ್ತು ಬರೆಯುವಷ್ಟರಲ್ಲಿ ಅಂಗೈ ತಾಗಿ ಮೇಲಿನದು ಅಳಿಸುತ್ತದೆ. ಯಾವ ಸದ್ದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನೂ ಅದು ತೋರಿಸಲಾರದು.

ಅದನ್ನು ತೋರಿಸುವುದು ಚೀಟಿ. ನಮ್ಮ ಆಯ್ಕೆ ಅದೇ. ಹಳೆಯ ಮದುವೆ ಕಾಗದಗಳ ದಪ್ಪ ಹಾಳೆ ಸಾಕು. ಮೂಲಾಕ್ಷರಕ್ಕೆ 5 ಸೆಂ.ಮೀ. ಚೌಕ, ಕಪ್ಪು ಶಾಯಿ. ಒತ್ತಿಗೆ 2.5 ಸೆಂ.ಮೀ. ಚೌಕ, ಕೆಂಪು. ಸ್ವರಚಿಹ್ನೆಗೆ ನೀಲಿ ಪಟ್ಟಿ, ಒಂದು ಬದಿಯಲ್ಲಿ ‘ಇ’, ಹಿಂಬದಿಯಲ್ಲಿ ಗುಡಿಸು. ಒತ್ತಿನ ಚೀಟಿಯ ಹಿಂಬದಿಯಲ್ಲೂ ಹಾಗೆಯೇ ‘ತ್’ ಎಂದು ಬರೆಯಿರಿ. ಪ್ರತಿ ಚೀಟಿಯ ಬಲಗಡೆಯ ಕೆಳಮೂಲೆ ಕತ್ತರಿಸಿಡಿ, ಇಲ್ಲದಿದ್ದರೆ ಒತ್ತುಗಳನ್ನು ತಲೆಕೆಳಗಾಗಿ ಇಡುತ್ತಾರೆ. ‘ಕ’ದ ತಲೆಕಟ್ಟು ಹಿಂದಕ್ಕೆ ಮಡಚುವಂತಿರಬೇಕು, ಏಕೆಂದರೆ ಗುಡಿಸು ಬಂದಾಗ ತಲೆಕಟ್ಟು ಹೋಗುತ್ತದೆ. ಈ ಮಡಿಕೆ ಇಲ್ಲದ ಚೀಟಿಗಳಲ್ಲಿ ಎರಡೂ ಒಟ್ಟಿಗೆ ಕಂಡು ಮಗು ಇನ್ನಷ್ಟು ಗೊಂದಲಕ್ಕೆ ಬೀಳುತ್ತದೆ.

ಮೇಲಿನ ಸಾಲಿನಲ್ಲಿ ಕೇಳುವ ಕ್ರಮ: ಶ, ಕ, ತ್, ಇ. ಮಗು ಒಂದೊಂದನ್ನು ಬೆರಳಿಂದ ಮುಂದೆ ತಳ್ಳುತ್ತಾ ಸದ್ದು ಹೇಳಲಿ, ‘ಕ’ವನ್ನು ಇಲ್ಲಿ ‘ಕ್’ ಎಂದೇ ಹೇಳಿಸಿ. ಆಮೇಲೆ ಬರೆಯುವ ಕ್ರಮ: ‘ತ್’ ಮಗುಚಿ ಕೆಂಪು ಒತ್ತಾಗಿ ‘ಕ’ದ ಕೆಳಗೆ ಹೋಗುತ್ತದೆ, ‘ಇ’ ಮಗುಚಿ ನೀಲಿ ಗುಡಿಸಾಗಿ ಹಿಂದಕ್ಕೆ ಹಾರಿ ‘ಕ’ದ ತಲೆಗೆ ಏರುತ್ತದೆ. ಪಾಠವಿರುವುದು ಈ ಹಾರುವಿಕೆಯಲ್ಲೇ. ಅದನ್ನು ಟೀಚರ್ ಮಾಡಿ ತೋರಿಸಿದರೆ ಮಗು ನೋಡುತ್ತದೆ, ಕಲಿಯುವುದಿಲ್ಲ. ಚೀಟಿ ಮಗುವಿನ ಕೈಯಲ್ಲೇ ಇರಬೇಕು. ಮೇಜಿನ ಮೇಲೆ ಒಮ್ಮೆಗೆ ಐದು ಮೂಲಾಕ್ಷರ, ಮೂರು ಒತ್ತು, ಅದಕ್ಕಿಂತ ಹೆಚ್ಚು ಬೇಡ.

ಪದಗಳ ಕ್ರಮ ತಪ್ಪಿದರೆ ಚೀಟಿಯೂ ಕೈಕೊಡುತ್ತದೆ. ಮೊದಲು ಅಕ್ಕ, ಅಪ್ಪ, ಹಬ್ಬ, ಬೆಟ್ಟ: ಇಲ್ಲಿ ಒತ್ತೆಂದರೆ ಪುಟ್ಟ ಮೂಲಾಕ್ಷರ, ತಲೆಕಟ್ಟು ಇದ್ದರೆ ಅದನ್ನು ತೆಗೆದದ್ದು. ನಂತರ ಅಮ್ಮ, ಅನ್ನ, ಬೆಲ್ಲ, ಸುತ್ತ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲಕ್ಕೆ ಹೋಲುವುದಿಲ್ಲ, ಈ ಆರನ್ನು ಬೇರೆಯಾಗಿಯೇ ಕಲಿಸಬೇಕು. ಆಮೇಲೆ ಚಕ್ರ, ಪದ್ಮ, ಪುಸ್ತಕ. ಅದಾದ ಮೇಲಷ್ಟೇ ಅಕ್ಕಿ, ಶಕ್ತಿ. ಹತ್ತರಲ್ಲಿ ಎಂಟು ಪದ ಸಹಾಯವಿಲ್ಲದೆ ಎರಡು ದಿನ ಸತತವಾಗಿ ಬಂದರೆ ಮುಂದಿನ ಮೆಟ್ಟಿಲು. ಅರ್ಕಾವತ್ತು ಕಟ್ಟಕಡೆಗೆ. ‘ಸೂರ್ಯ’ದಲ್ಲಿ ‘ಯ’ಕ್ಕಿಂತ ಮೊದಲು ಕೇಳುವ ‘ರ್’ ಕೊನೆಗೆ ಬರೆಯಲ್ಪಡುತ್ತದೆ. ಅದಕ್ಕೆ ಮೊದಲು ‘ರ’ದ ಕೆಳಗೆ ‘ಯ’ ಒತ್ತು ಕೊಟ್ಟು ಬರೆಯುವ ರೂಪವನ್ನು ಕಲಿಸಿ. ಅಲ್ಲಿ ಸದ್ದೂ ಬರಹವೂ ಒಂದೇ ಕ್ರಮದಲ್ಲಿವೆ. ಆಮೇಲೆ ಅರ್ಕಾವತ್ತಿಗೆ ದಾಟುವುದು ಸುಲಭ.

ಪುಸ್ತಕದ ಸಾಲಿಗೆ ಕಿಟಕಿ ಕೊರೆದ ಕಾರ್ಡ್ ಇಟ್ಟು ಓದಿಸುವವರಿಗೆ ಒಂದು ಮಾತು. ಇಂಗ್ಲಿಷ್ ಅಳತೆಯಲ್ಲಿ ಕಿಟಕಿ ಕೊರೆದರೆ ಕನ್ನಡದ ಒತ್ತುಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಒತ್ತಿನ ಬಾಲ ಪೂರ್ತಿ ಕಾಣುವಷ್ಟು ಎತ್ತರ ಬೇಕು. ಸ್ಕೇಲ್ ಇಡುವುದಾದರೂ ಓದುವ ಸಾಲಿನ ಕೆಳಗಲ್ಲ, ಓದಿ ಮುಗಿದ ಮೇಲಿನ ಸಾಲಿನ ಮೇಲೆ. ಓದು ಸುಲಭವಾಗುತ್ತದೆಂದು ಪುಟದ ಮೇಲೆ ಇಡುವ ಬಣ್ಣದ ಪ್ಲಾಸ್ಟಿಕ್ ಹಾಳೆಗೆ ದುಡ್ಡು ಹಾಕಬೇಡಿ.

ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಫೋನ್ ಓದು ಕಲಿಸುವುದಿಲ್ಲ. ಪಾಠ ತಪ್ಪದಂತೆ ಕಾಯುತ್ತದೆ. ಐದನೇ ತರಗತಿಯ ಮಗುವಿಗೆ ಸಮಾಜ, ವಿಜ್ಞಾನ ಅರ್ಥವಾಗುವ ಬುದ್ಧಿಯಿದೆ, ಓದುವ ವೇಗವಿಲ್ಲ. ಚೀಟಿ ಕೆಲಸ ಮಾಡಿ ಮುಗಿಯುವವರೆಗೆ ಆ ಪಾಠಗಳು ಕಾಯುವುದಿಲ್ಲವಲ್ಲ. ಮನೆಯವರು ಮಲಯಾಳ ಮಾತ್ರ ಓದಬಲ್ಲವರಾದರಂತೂ ಫೋನೇ ಗತಿ. ಕನ್ನಡ ಧ್ವನಿಯನ್ನು ಮೊದಲೇ ಡೌನ್‌ಲೋಡ್ ಮಾಡಿಡಿ, ಒಳನಾಡಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ವೇಗ ಇಳಿಸಿ, ಮೊದಲೇ ಇರುವ ವೇಗದಲ್ಲಿ ಕಣ್ಣು ಹಿಂದೆ ಬೀಳುತ್ತದೆ, ಮಗು ಪುಟ ನೋಡುವುದನ್ನೇ ಬಿಡುತ್ತದೆ. ಪಿಡಿಎಫ್ ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನದಾದರೆ ಧ್ವನಿ ಅಸಂಬದ್ಧ ಇಂಗ್ಲಿಷ್ ಅಕ್ಷರ ಓದುತ್ತದೆ. ಆಗ ಪುಟದ ಫೋಟೋ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಓದಿಸಿ. ನೆರಳು ಬಿದ್ದರೆ ಅಥವಾ ಪುಟ ಬಾಗಿದ್ದರೆ ಮೊದಲು ತಪ್ಪುವುದು ಒತ್ತುಗಳೇ. ಅಕ್ಕನೋ ಅಣ್ಣನೋ ವಾಟ್ಸ್ಆ್ಯಪ್‌ನಲ್ಲಿ ಓದಿ ಕಳಿಸುವ ಧ್ವನಿ ಯಂತ್ರದ ಧ್ವನಿಗಿಂತ ಮೇಲು. ನಿಲ್ಲಿಸುವ ಕಡೆ ನಿಲ್ಲುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮೂರನ್ನೂ ಅದು ಹೆಸರಿಸುತ್ತದೆ. ವಿನಾಯಿತಿಯ ಮಾತು ಬಂದಾಗ ಮಗು ಹೆಚ್ಚು ಕೇಳಿ ಬೆಳೆದ ಭಾಷೆಯನ್ನು ಬಿಡಬೇಡಿ. ಕನ್ನಡದ ಮಗುವಿಗೆ ಕನ್ನಡವನ್ನೇ ಕಡಿಮೆ ಮಾಡುವ ಸಲಹೆಯನ್ನು ಹೆತ್ತವರು ಒಪ್ಪಬಾರದು. ಬರೆದುಕೊಡುವವರು ಸಿಕ್ಕರೆ ಸಾಲದು, ಉತ್ತರವನ್ನು ವಾಕ್ಯ ವಾಕ್ಯವಾಗಿ ಬಾಯಲ್ಲಿ ಹೇಳುವುದು ಬೇರೆಯೇ ಅಭ್ಯಾಸ. ಎಂಟನೇ ತರಗತಿಯಿಂದಲೇ ವಾರಕ್ಕೆ ಎರಡು ಸಲ, ಒಂದು ಪ್ರಶ್ನೆಗೆ ಐದು ವಾಕ್ಯ ಹೇಳಿಸಿ ಇನ್ನೊಬ್ಬರಿಂದ ಬರೆಸಿ, ಬರೆದದ್ದನ್ನು ಮಗುವಿಗೇ ಓದಿ ಕೇಳಿಸಿ.